ನಾದದ ಮನೆಯಲ್ಲಿ ಒಂದು ಪ್ರಶ್ನೆ

ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವಾಗ ಹಿರಿಯರಾದ ನಾವು ಗುರುಭಾವವನ್ನು ತಾಳಿಯೇ ಹೊರಡುತ್ತೇವೆ. ತೋರಿಸಬೇಕಾದುದೇನು, ಕಲಿಸಬೇಕಾದುದೇನು ಎಂಬುದೆಲ್ಲ ನಮಗೆ ಮೊದಲೇ ಗೊತ್ತಿರುತ್ತದೆ. ಹಿಂದಿರುಗುವ ಹೊತ್ತಿಗೆ ಯಾರು ಯಾರಿಗೆ ಕಲಿಸಿದರೆಂಬ ಲೆಕ್ಕ ಒಮ್ಮೊಮ್ಮೆ ತಲೆಕೆಳಗಾಗಿರುತ್ತದೆ. ಕಳೆದ ಬೇಸಗೆಯ ರಜೆಯಲ್ಲಿ ಒಂಬತ್ತು ವರ್ಷದ ಮೊಮ್ಮಗಳೊಡನೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್’ ಸಂಗ್ರಹಾಲಯಕ್ಕೆ ಹೋದಾಗ ನನಗಾದುದೂ ಅದೇ.

2019ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಸಂಗ್ರಹಾಲಯಕ್ಕೊಂದು ನಾದೋದ್ಯಾನವಿದೆ. ‘ಮುಟ್ಟಬೇಡ’ ಎಂಬ ಮಾತನ್ನೇ ದಿನವೆಲ್ಲ ಕೇಳಿ ಬೆಳೆಯುವ ಮಕ್ಕಳಿಗೆ ಅಲ್ಲಿ ತಟ್ಟಲು, ಮಿಡಿಯಲು, ಬಾರಿಸಲು ಅನುಮತಿಯುಂಟು. ಉದ್ದನೆಯದು ತಗ್ಗುದನಿ, ಗಿಡ್ಡನೆಯದು ಏರುದನಿ ಎಂಬುದನ್ನು ಅವಳು ಯಾರೂ ಹೇಳದೆಯೇ ಕಂಡುಕೊಂಡಳು. ಪುಸ್ತಕದಲ್ಲಿ ಓದಿ ಮರೆಯುವ ಸೂತ್ರವೊಂದು ಹೀಗೆ ಅಂಗೈಯ ಮೂಲಕ ಒಳಗಿಳಿಯಿತು.

ಒಳಗೆ ದೇಶದ ನಾನಾ ಭಾಗಗಳ ನೂರಕ್ಕೂ ಹೆಚ್ಚು ವಾದ್ಯಗಳಿವೆ. ಅಷ್ಟನ್ನೂ ಒಟ್ಟಿಗೆ ಕಂಡ ಮಗು ಕಕ್ಕಾಬಿಕ್ಕಿಯಾಗಬಾರದೆಂದು ನಾನು ಅವಳ ಕೈಗೆ ನಾಲ್ಕು ಬೀಗದಕೈಗಳನ್ನು ಕೊಟ್ಟೆ. ತಂತಿ ಮಿಡಿದು ನುಡಿಯುವುದು ತತ. ಗಾಳಿಯಿಂದ ನುಡಿಯುವುದು ಸುಷಿರ. ಬಿಗಿದ ಚರ್ಮ ನುಡಿಯುವುದು ಅವನದ್ಧ. ತನ್ನ ಮೈಯೇ ನುಡಿಯುವುದು ಘನ. ಇದು ಭರತನ ನಾಟ್ಯಶಾಸ್ತ್ರದ ವಿಭಾಗ. 1876ರಲ್ಲಿ ಕಲ್ಕತ್ತೆಯ ಸೌರೀಂದ್ರ ಮೋಹನ ಠಾಕೂರರು ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೋಪೋಲ್ಡನಿಗೆ ಸುಮಾರು ನೂರು ಭಾರತೀಯ ವಾದ್ಯಗಳನ್ನು ಕಾಣಿಕೆಯಾಗಿ ಕಳುಹಿಸಿದರು. ಮರುವರ್ಷ ಬ್ರಸೆಲ್ಸಿನಲ್ಲಿ ಸ್ಥಾಪಿತವಾದ ವಾದ್ಯ ಸಂಗ್ರಹಾಲಯದ ಮೊದಲ ಪಾಲಕ ವಿಕ್ಟರ್ ಮಾಹಿಯೋನ್ ಇಂಥ ನಾಲ್ಕು ವರ್ಗಗಳಲ್ಲಿಯೇ ತನ್ನ ಸಂಗ್ರಹವನ್ನು ಜೋಡಿಸಿದನು. 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಝಾಕ್ಸ್ ಎಂಬ ವಿದ್ವಾಂಸರು ಅದನ್ನೇ ವಿಸ್ತರಿಸಿ ರಚಿಸಿದ ಕ್ರಮ ಇಂದಿಗೂ ಲೋಕದಲ್ಲಿ ಬಳಕೆಯಲ್ಲಿದೆ.

ಮೊಮ್ಮಗಳಿಗೆ ಇದೊಂದು ಆಟವಾಯಿತು. ನೋಟುಪುಸ್ತಕದಲ್ಲಿ ಮನೆಗಳನ್ನು ಗೆರೆಯೆಳೆದು ವೀಣೆಯನ್ನು ತತಕ್ಕೂ ಕೊಳಲನ್ನು ಸುಷಿರಕ್ಕೂ ಸೇರಿಸಿದಳು. ಹಾರ್ಮೋನಿಯಮ್ಮನ್ನು ಬೆರಳಿನಿಂದ ಒತ್ತುವುದರಿಂದ ಘನವೆಂದಳು. ತಿದಿಯ ವಿಷಯ ತಿಳಿದ ಮೇಲೆ ತಾನೇ ಅಳಿಸಿ ಸುಷಿರವೆಂದು ಬರೆದಳು. ಹೊರಗಿನ ರೂಪವನ್ನು ನಂಬದೆ ಒಳಗಿನ ನಡೆಯನ್ನು ವಿಚಾರಿಸಬೇಕೆಂಬುದು ಸಂಗೀತಕ್ಕೆ ಮಾತ್ರ ಸಲ್ಲುವ ಪಾಠವಲ್ಲ.

ಮೃದಂಗದ ಮುಂದೆ ನಿಂತಾಗ ನನ್ನ ಪಾಂಡಿತ್ಯ ಉಕ್ಕಿ ಬಂತು. ಸಾಧಾರಣ ಚರ್ಮವಾದ್ಯದ ಉಪಸ್ವರಗಳು ಮೂಲಸ್ವರದೊಡನೆ ಹೊಂದುವುದಿಲ್ಲ. ಆದುದರಿಂದಲೇ ಅದು ಬರಿಯ ಸದ್ದು. ಮೃದಂಗದ ಬಲಮುಖದ ನಡುವೆ ಪದರಪದರವಾಗಿ ಮೆತ್ತಿ ಉಜ್ಜಿದ ಕರಿಯ ಕರಣೆ ಚರ್ಮದ ಮಧ್ಯಭಾಗವನ್ನು ಭಾರಗೊಳಿಸಿ ಆ ಉಪಸ್ವರಗಳನ್ನು ಒಂದು ಶ್ರುತಿಗೆ ತರುತ್ತದೆ. ಸರ್ ಸಿ.ವಿ. ರಾಮನ್ ಅವರು 1920ರಲ್ಲಿ ಶಿವಕಾಳಿ ಕುಮಾರರೊಡನೆ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದ ತರುವಾಯವೂ ಆ ವಿಷಯವನ್ನು ಕೈಬಿಡಲಿಲ್ಲ. ವಿಜ್ಞಾನಿಯ ಲೆಕ್ಕಕ್ಕೆ ಎಷ್ಟೋ ಮೊದಲೇ ಕುಶಲಕರ್ಮಿಯ ಬೆರಳಿಗೆ ಈ ಗುಟ್ಟು ತಿಳಿದಿತ್ತೆಂದು ನಾನು ಹೆಮ್ಮೆಯಿಂದ ಮುಗಿಸಿದೆ.

‘ಅಜ್ಜಾ, ನಮ್ಮ ಮನೆಯ ಮೃದಂಗವನ್ನು ಮಾಡಿದವರು ಯಾರು?’ ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ನೆನಪು ಮಾತ್ರ ಬಂತು. 1960ರ ದಶಕದ ನಮ್ಮ ಊರಿನಲ್ಲಿ ತಂದೆಯವರು ಮೃದಂಗ ನುಡಿಸುತ್ತಿದ್ದರು. ವರ್ಷಕ್ಕೆ ಎರಡು ಮೂರು ಸಲ ಒಬ್ಬ ಮುದುಕರು ಬಂದು ಹೊಸ ಚರ್ಮ ಹೂಡಿ, ಬಾರು ಬಿಗಿದು, ಕರಣೆ ಹಾಕಿಕೊಡುತ್ತಿದ್ದರು. ಕಿವಿಯನ್ನು ಚರ್ಮಕ್ಕೆ ಹತ್ತಿರ ಹಿಡಿದು, ಒಂದು ಪದರ ಮೆತ್ತಿ, ಕಲ್ಲಿನಿಂದ ಉಜ್ಜಿ, ಮತ್ತೆ ತಟ್ಟಿ ಕೇಳುತ್ತಿದ್ದ ಅವರ ಮುಖ ಈಗಲೂ ಕಣ್ಣ ಮುಂದಿದೆ. ಅವರ ಶ್ರುತಿಜ್ಞಾನವನ್ನು ತಂದೆಯವರು ಎಲ್ಲರೆದುರು ಹೊಗಳುತ್ತಿದ್ದರು. ಆದರೆ ಆ ಮುದುಕರು ಕುಳಿತದ್ದು ಯಾವಾಗಲೂ ಅಂಗಳದಲ್ಲಿ, ಬೇವಿನ ಮರದ ಕೆಳಗೆ. ನೀರನ್ನು ಮೇಲಿನಿಂದ ಅವರ ಬೊಗಸೆಗೆ ಎರೆಯುತ್ತಿದ್ದರು. ಅವರ ಕೈಯಿಂದ ಬಂದ ಮೃದಂಗವಾದರೋ ನೇರವಾಗಿ ದೇವರ ಕೋಣೆಗೆ ಹೋಗಿ ಅರಿಸಿನ ಕುಂಕುಮಗಳನ್ನು ಪಡೆಯುತ್ತಿತ್ತು. ಹಸುವಿನ, ಆಡಿನ, ಎಮ್ಮೆಯ ಚರ್ಮ ಒಳಗೆ ಬರಬಹುದಾಗಿತ್ತು. ಅದನ್ನು ನುಡಿಯುವಂತೆ ಮಾಡಿದ ಮನುಷ್ಯ ಬರುವಂತಿರಲಿಲ್ಲ. ಆಗ ನನಗೆ ಮೊಮ್ಮಗಳ ವಯಸ್ಸು. ಎಲ್ಲವನ್ನೂ ನೋಡುತ್ತಿದ್ದೆ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಇದನ್ನೆಲ್ಲ ಹೇಳಬೇಕೇ ಬೇಡವೇ ಎಂದು ಕ್ಷಣಕಾಲ ಹಿಂಜರಿದೆ. ಹೇಳಿದೆ. ಅವಳು ಸುಮ್ಮನೆ ಕೇಳಿ, ‘ಅವರ ಹೆಸರೇನು?’ ಎಂದಳು.

ನನಗೆ ಗೊತ್ತಿಲ್ಲ. ತಂದೆಯವರು ಯಾವ ಯಾವ ವಿದ್ವಾಂಸರಿಗೆ ಪಕ್ಕವಾದ್ಯ ನುಡಿಸಿದರೆಂಬುದನ್ನು ಇಂದಿಗೂ ಸಾಲಾಗಿ ಹೇಳಬಲ್ಲೆ. ಆ ಮುದುಕರನ್ನು ನಮ್ಮ ಮನೆಯಲ್ಲಿ ಅವರ ಕಸುಬಿನಿಂದ ಕರೆದೆವೇ ಹೊರತು ಹೆಸರಿನಿಂದ ಕರೆದುದಿಲ್ಲ.

ವಾದ್ಯಗಳ ಸಂಗ್ರಹಾಲಯದಿಂದ ಮಕ್ಕಳು ಏನು ಕಲಿಯಬಹುದೆಂದು ಯಾರಾದರೂ ಕೇಳಿದರೆ ಮರ, ಚರ್ಮ, ಲೋಹ, ಗಾಳಿಗಳ ಗುಣವನ್ನು ಕಲಿಯಬಹುದು ಎನ್ನುತ್ತೇನೆ. ಕಮಾನಿನ ಪಿಟೀಲು ಪರದೇಶದಿಂದ ಬಂದು ನಮ್ಮದೇ ಆದ ಕಥೆಯನ್ನೂ ಕಲಿಯಬಹುದು. ಇವೆಲ್ಲಕ್ಕಿಂತ ಮಿಗಿಲಾಗಿ, ಪ್ರತಿಯೊಂದು ನಾದದ ಹಿಂದೆ ಎರಡು ಜೊತೆ ಕೈಗಳಿವೆಯೆಂದೂ ಸಭೆ ಕಾಣುವುದು ಒಂದು ಜೊತೆಯನ್ನು ಮಾತ್ರವೆಂದೂ ಅವರು ಅರಿಯಬಹುದು. ಓದುಗರು ತಮ್ಮ ಮಕ್ಕಳನ್ನು ಕರೆದೊಯ್ಯಲಿ. ಆದರೆ ಅವರ ಪ್ರಶ್ನೆಗಳಿಗೂ ಸಿದ್ಧರಾಗಿ ಹೋಗಲಿ.

ಆ ನೋಟುಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ವಾದ್ಯ: ಮೃದಂಗ. ವರ್ಗ: ಅವನದ್ಧ. ಮರ: ಹಲಸು. ಮಾಡಿದವರು ಎಂಬುದರ ಮುಂದೆ ಮೊಮ್ಮಗಳು ಒಂದು ಗೆರೆಯಷ್ಟು ಸ್ಥಳ ಬಿಟ್ಟಿದ್ದಾಳೆ.