‘ಬರೇ ನೆಗಡಿ ಬಿಡ್ರಿ’ ಅಂದಿದ್ದೆವು

2021ರ ಮೇ ತಿಂಗಳು. ಮನೋಳಿಯ ನಮ್ಮ ಓಣಿಯಲ್ಲಿ ಮನೆಗೊಬ್ಬರು ಮಲಗಿದ್ದರು. ಮಾವನವರ ಆಕ್ಸಿಜನ್ 86ಕ್ಕೆ ಇಳಿದಾಗ ಗಾಡಿ ಮಾಡಿಕೊಂಡು ಧಾರವಾಡಕ್ಕೆ ಓಡಿದೆವು. ಮೂರನೇ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು, ಮಾವ ಉಳಿದರು. ಅದು ಡೆಲ್ಟಾ ಅಂತ ಚೀಟಿಯಲ್ಲೇನೂ ಬರೆದಿರಲಿಲ್ಲ. ಆರ್‌ಟಿಪಿಸಿಆರ್ ಸೋಂಕು ಇದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ. ತಳಿ ತಿಳಿಯಲು ಜೀನೋಮ್ ಪರೀಕ್ಷೆ ಬೇಕು. ಆದರೆ ಆಗ ದೇಶದ ತುಂಬ ಡೆಲ್ಟಾದ್ದೇ ಹಾವಳಿ.

ವೈರಾಣು ನಮ್ಮ ಜೀವಕೋಶದೊಳಗೆ ಹೊಕ್ಕು ತನ್ನ ನಕಲು ಮಾಡಿಕೊಳ್ಳುತ್ತದೆ. ನಕಲು ಮಾಡುವಾಗ ತಪ್ಪುಗಳಾಗುತ್ತವೆ, ಬಹುಪಾಲು ಕೆಲಸಕ್ಕೆ ಬಾರದವು. ಯಾವುದೋ ಒಂದು ತಪ್ಪು ಅದಕ್ಕೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುವ, ಇಲ್ಲವೇ ಪ್ರತಿಕಾಯದ ಕಣ್ಣು ತಪ್ಪಿಸುವ ಶಕ್ತಿ ಕೊಟ್ಟರೆ ಆ ತಳಿಯೇ ಊರು ಗೆಲ್ಲುತ್ತದೆ. ಒಮಿಕ್ರಾನ್‌ನ ಮುಳ್ಳಿನಂಥ ಪ್ರೋಟೀನಿನಲ್ಲೇ 30ಕ್ಕೂ ಹೆಚ್ಚು ಬದಲಾವಣೆ! ದೇಶದ ಮೊದಲೆರಡು ಒಮಿಕ್ರಾನ್ ಪ್ರಕರಣ 2021ರ ಡಿಸೆಂಬರ್ 2ರಂದು ವರದಿಯಾದದ್ದು ನಮ್ಮ ಬೆಂಗಳೂರಿನಿಂದಲೇ. ಅವರಲ್ಲೊಬ್ಬರು ವಿದೇಶಕ್ಕೆ ಹೋಗಿಯೇ ಇರಲಿಲ್ಲ.

ಜನವರಿಯಲ್ಲಿ ನಮ್ಮ ಮನೆಯ ಐವರಿಗೂ ಜ್ವರ. ಮಾವನಿಗೆ ಎರಡೂ ಡೋಸ್ ಆಗಿದ್ದವು. ನಾಲ್ಕು ದಿನಕ್ಕೆ ಎದ್ದು ಕೂತರು. ‘ಬರೇ ನೆಗಡಿ ಬಿಡ್ರಿ’ ಅಂದರು ಎಲ್ಲರೂ, ನಾನೂ ಅಂದೆ. ನೂರರಲ್ಲಿ ಒಬ್ಬರಿಗೆ ಜೋರಾಗುವ ರೋಗವೂ ಸಾವಿರಾರು ಮಂದಿಗೆ ಒಮ್ಮೆಗೇ ಬಂದರೆ ಹಾಸಿಗೆ ಸಾಲುವುದಿಲ್ಲ ಎಂಬ ಲೆಕ್ಕ ಆಗ ಹೊಳೆಯಲಿಲ್ಲ.

ಎದುರುಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ, ಲಸಿಕೆ ಬೇಡ ಅಂದಿದ್ದರು. ಸಂಕ್ರಾಂತಿ ಆಗಿ ಹನ್ನೆರಡು ದಿನಕ್ಕೆ ತೀರಿಕೊಂಡರು. ಹಬ್ಬದ ದಿನ ಸಣ್ಣಗೆ ಗಂಟಲು ಕೆರೆಯುತ್ತಿದ್ದರೂ ಅವರಿಗೆ ಕುಸುರೆಳ್ಳು ಕೊಟ್ಟು, ಅರ್ಧ ತಾಸು ಕೂತು ಮಾತಾಡಿ ಬಂದವಳು ನಾನು.