ಆರು ತಿಂಗಳಿಗೊಂದು ಸೂಜಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನ ಮನೆಗಳಿಗೆ ಸೂಜಿ ಹೊಸತಲ್ಲ. ಮಂಗನಕಾಯಿಲೆಯ ಲಸಿಕೆಗೆ ಇಲ್ಲಿನವರು ವರ್ಷಗಟ್ಟಲೆ ತೋಳೊಡ್ಡಿದ್ದಾರೆ. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್‌ಗಳ ಸಾಲು. ಚುಚ್ಚಿದ ಜಾಗ ವಿಪರೀತ ನೋಯುತ್ತದೆಂದೇ ಬೂಸ್ಟರ್ ತಪ್ಪಿಸಿಕೊಂಡವರೂ ಇದ್ದರು. ಆ ಲಸಿಕೆ 2022ರಲ್ಲಿ ನಿಂತಿತು. ಈಗ ಹೃದಯದ ಡಾಕ್ಟರು ‘ಕೊಲೆಸ್ಟ್ರಾಲ್‌ಗೂ ಇಂಜೆಕ್ಷನ್ ಇದೆ’ ಎಂದರೆ ಮಲೆನಾಡಿಗರಿಗೆ ಆ ನೋವು ನೆನಪಾಗುವುದು ಸಹಜ. ಈ ಸೂಜಿಯ ಮಟ್ಟಿಗೆ ಆ ಭಯಕ್ಕೆ ಆಧಾರ ತೀರಾ ಕಡಿಮೆ.

2017ರಲ್ಲಿ ಪ್ರಕಟವಾದ ‘ಫೋರಿಯರ್’ ಅಧ್ಯಯನದಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿದ್ದ 27,564 ಮಂದಿ ಪಾಲ್ಗೊಂಡಿದ್ದರು. ಎಲ್ಲರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿದ್ದವರೇ. ಅರ್ಧದಷ್ಟು ಜನರಿಗೆ ಇವೊಲೊಕ್ಯುಮ್ಯಾಬ್ ಎಂಬ ಕೊಲೆಸ್ಟ್ರಾಲ್ ಇಂಜೆಕ್ಷನ್, ಉಳಿದವರಿಗೆ ಮದ್ದಿಲ್ಲದ ಹುಸಿ ಇಂಜೆಕ್ಷನ್. ಚುಚ್ಚಿದ ಜಾಗದಲ್ಲಿ ತೊಂದರೆಯಾಯಿತೆಂದವರು ಮದ್ದಿನ ಗುಂಪಿನಲ್ಲಿ ಶೇ 2.1, ಹುಸಿ ಗುಂಪಿನಲ್ಲಿ ಶೇ 1.6. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಮಾತ್ರ 92ರ ಆಸುಪಾಸಿನಿಂದ 30ಕ್ಕಿಳಿಯಿತು. ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತಗಳು ಶೇ 15ರಷ್ಟು ಕಡಿಮೆಯಾದವು.

ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ನಮ್ಮ ಲಿವರ್‌ನ ಕೋಶಗಳ ಮೇಲಿವೆ. ಪಿಸಿಎಸ್‌ಕೆ9 ಎಂಬ ಪ್ರೊಟೀನು ಆ ಗ್ರಾಹಕಗಳನ್ನೇ ನಾಶ ಮಾಡಿಸುತ್ತದೆ. ಹುಟ್ಟಿನಿಂದಲೇ ಈ ಪ್ರೊಟೀನು ಕಡಿಮೆಯಿರುವ ಕೆಲವು ಕಪ್ಪುವರ್ಣೀಯ ಅಮೆರಿಕನ್ನರಲ್ಲಿ ಎಲ್‌ಡಿಎಲ್ ಶೇ 28ರಷ್ಟು, ಹೃದಯದ ಕಾಯಿಲೆ ಶೇ 88ರಷ್ಟು ಕಡಿಮೆ ಎಂದು ಡಲ್ಲಾಸ್‌ನ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ 2006ರಲ್ಲಿ ತೋರಿಸಿದರು. ಒಂಬತ್ತೇ ವರ್ಷದಲ್ಲಿ, 2015ಕ್ಕೆ, ಆ ಪ್ರೊಟೀನನ್ನು ತಡೆಯುವ ಅಲಿರೊಕ್ಯುಮ್ಯಾಬ್ ಮತ್ತು ಇವೊಲೊಕ್ಯುಮ್ಯಾಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದವು.

ಇಲ್ಲೊಂದು ಗೊಂದಲ ತಿಳಿಯಾಗಬೇಕು. ಕರ್ನಾಟಕದಲ್ಲಿ ಹೃದಯದ ಇಂಜೆಕ್ಷನ್ ಎಂದರೆ ಹಲವರಿಗೆ ಹೊಳೆಯುವುದು 2023ರಲ್ಲಿ ಶುರುವಾದ ‘ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ’ ಯೋಜನೆ. ಅದರಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಟೆನೆಕ್ಟೆಪ್ಲೇಸ್, ಹೃದಯಾಘಾತವಾದಾಗ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ತುರ್ತಿನ ಮದ್ದು. ಎದೆನೋವು ಬಂದಾಗ ಕೊಲೆಸ್ಟ್ರಾಲ್ ಇಂಜೆಕ್ಷನ್‌ನಿಂದ ಏನೂ ಆಗದು. ಅದು ವರ್ಷಗಟ್ಟಲೆ ನಡೆಯುವ ಮುಂಜಾಗ್ರತೆ.

ಇಂಜೆಕ್ಷನ್ ಕೇಳಿಕೊಂಡು ಬರುವವರಲ್ಲಿ ಒಂದು ವರ್ಗ ಮಾತ್ರೆಗೆ ಬೇಸತ್ತವರದು. ‘ಸ್ಟ್ಯಾಟಿನ್ ತಗೊಂಡ್ರೆ ಮೈಕೈ ಎಲ್ಲ ನೋವು’ ಎಂಬ ದೂರು ಊರೂರಲ್ಲೂ ಇದೆ. ಅಡಿಕೆ ತೋಟದ ಏರಿಳಿವಿನಲ್ಲಿ ದಿನವಿಡೀ ಹತ್ತಿಳಿದವರಿಗೆ ಮೀನಖಂಡ ನೋಯಲು ಮಾತ್ರೆಯೇ ಬೇಕಿಲ್ಲ. ಆದರೂ ಮನೆಯಲ್ಲಿ ಹೊಸದಾಗಿ ಬಂದ ಮಾತ್ರೆಯ ಮೇಲೆಯೇ ಅನುಮಾನ.

ಈ ಅನುಮಾನವನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸೊಗಸಾಗಿ ಪರೀಕ್ಷಿಸಿದರು. ತೊಂದರೆ ತಾಳಲಾರದೆ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಹನ್ನೆರಡು ಬಾಟಲಿ ಕೊಟ್ಟರು. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಹುಸಿ ಮಾತ್ರೆ, ನಾಲ್ಕು ಖಾಲಿ. ತಿಂಗಳಿಗೊಂದು ಬಾಟಲಿ, ದಿನವೂ ಫೋನಿನಲ್ಲಿ ನೋವಿಗೆ ಅಂಕ. 2020ರಲ್ಲಿ ಫಲಿತಾಂಶ ಬಂತು: ಖಾಲಿ ಬಾಟಲಿಯ ತಿಂಗಳಲ್ಲಿ ಸರಾಸರಿ 8, ಹುಸಿ ಮಾತ್ರೆಯ ತಿಂಗಳಲ್ಲಿ 15.4, ಸ್ಟ್ಯಾಟಿನ್ ತಿಂಗಳಲ್ಲಿ 16.3. ನೋವು ಸುಳ್ಳಲ್ಲ, ಅವರು ನಿಜಕ್ಕೂ ನರಳಿದ್ದರು. ಆದರೆ ಅದರ ಬಹುಪಾಲು ಮಾತ್ರೆ ನುಂಗಿದೆನೆಂಬ ನಿರೀಕ್ಷೆಯಿಂದ ಹುಟ್ಟಿದ್ದು. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅರ್ಧದಷ್ಟು ಜನ ಸ್ಟ್ಯಾಟಿನ್‌ಗೆ ಮರಳಿದರು. ಹಾಗಂತ ಎಲ್ಲರ ನೋವನ್ನೂ ಮನಸ್ಸಿನ ಆಟವೆಂದು ತಳ್ಳಿಹಾಕುವ ಡಾಕ್ಟರೂ ಸರಿಯಿಲ್ಲ. 2016ರ ‘ಗೌಸ್-3’ ಅಧ್ಯಯನದಲ್ಲಿ ಅಂಥ ರೋಗಿಗಳ ಪೈಕಿ ಶೇ 42.6ರಷ್ಟು ಮಂದಿಗೆ ಅಸಲಿ ಮಾತ್ರೆಯಲ್ಲಿ ಮಾತ್ರ ಸ್ನಾಯು ನೋವು ಬಂದಿತ್ತು. ಅವರಿಗೆ ಇಂಜೆಕ್ಷನ್ ದೊಡ್ಡ ಆಸರೆ.

ಅದಕ್ಕಿಂತಲೂ ದೊಡ್ಡ ಬಿಡುಗಡೆ ಸಿಕ್ಕಿದ್ದು ವಂಶಪಾರಂಪರ್ಯವಾಗಿ ಕೊಲೆಸ್ಟ್ರಾಲ್ ಏರುವವರಿಗೆ. ಡಯಾಲಿಸಿಸ್ ಮಾದರಿಯ ಯಂತ್ರದಲ್ಲಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ರಕ್ತ ಸೋಸಿಸಿಕೊಳ್ಳುವುದು ಅವರಲ್ಲಿ ಕೆಲವರ ಪಾಡಾಗಿತ್ತು. ಜರ್ಮನಿ ಮತ್ತು ಅಮೆರಿಕದ ಅಂಥ 62 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಅಲಿರೊಕ್ಯುಮ್ಯಾಬ್ ಪಡೆದವರ ಪೈಕಿ ಶೇ 63ರಷ್ಟು ಮಂದಿಗೆ ಯಂತ್ರದ ಗೊಡವೆಯೇ ತಪ್ಪಿತು.

ಮಲೆನಾಡಿಗೆ ಬಂದರೆ ಮಳೆ ಮತ್ತು ದುಡ್ಡಿನ ಲೆಕ್ಕ ಸೇರಿಕೊಳ್ಳುತ್ತದೆ. ಇವೊಲೊಕ್ಯುಮ್ಯಾಬನ್ನು ಎರಡು ವಾರಕ್ಕೊಮ್ಮೆ ಹೊಟ್ಟೆಗೋ ತೊಡೆಗೋ ತಾವೇ ಚುಚ್ಚಿಕೊಳ್ಳಬಹುದು. ಅದರ ಪೆನ್ನನ್ನು ಫ್ರಿಜ್‌ನಲ್ಲಿಡಬೇಕು, ಹೊರಗಿಟ್ಟರೆ ತಿಂಗಳೊಳಗೆ ಬಳಸಬೇಕು. ಆಷಾಢದ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಹೊಸನಗರದ ಒಂಟಿಮನೆಗೆ ಇದು ತಲೆನೋವೇ. 2024ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಇನ್‌ಕ್ಲಿಸಿರಾನ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಇಂಜೆಕ್ಷನ್ ಈ ವಿಷಯದಲ್ಲಿ ಸಲೀಸು. ಫ್ರಿಜ್ ಬೇಡ. ಮೊದಲ ಡೋಸ್, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ, ಆಸ್ಪತ್ರೆಯವರೇ ಚುಚ್ಚುತ್ತಾರೆ. ಎಲ್‌ಡಿಎಲ್ ಸುಮಾರು ಅರ್ಧಕ್ಕಿಳಿಯುತ್ತದೆ. ಆದರೆ ಬಂದಾಗ ಡೋಸ್ ಒಂದರ ಬೆಲೆ ಸುಮಾರು 1.2 ಲಕ್ಷ ರೂಪಾಯಿ. ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ಸಿಕ್ಕಿತೆಂದರೂ ಎರಡು ಕ್ವಿಂಟಲಿನ ದುಡ್ಡು ಸಾಲದು. ದಿನಕ್ಕೆ ಕೆಲವೇ ರೂಪಾಯಿಯ ಸ್ಟ್ಯಾಟಿನ್ ಒಗ್ಗುವವರು ಅದನ್ನು ಬಿಟ್ಟು ಇದಕ್ಕೆ ಹಾರುವುದರಲ್ಲಿ ಅರ್ಥವಿಲ್ಲ.

ಇಷ್ಟು ಖರ್ಚು ಮಾಡಿದವರನ್ನು ಕಾಡುವ ಪ್ರಶ್ನೆ ಇನ್ನೊಂದು: ‘ಏನೂ ಗೊತ್ತೇ ಆಗ್ಲಿಲ್ವಲ್ಲ?’ ಗೊತ್ತಾಗುವುದಿಲ್ಲ. ಕೊಲೆಸ್ಟ್ರಾಲ್ ಏರಿದಾಗಲೂ ಗೊತ್ತಾಗಿರಲಿಲ್ಲ. ಬದಲಾವಣೆ ಕಾಣುವುದು ಲ್ಯಾಬಿನ ಚೀಟಿಯಲ್ಲಿ ಮಾತ್ರ, ಮದ್ದು ನಿಲ್ಲಿಸಿದರೆ ಅಂಕಿ ಮತ್ತೆ ಮೇಲೇರುತ್ತದೆ.

ಮನೆಯಲ್ಲಿ ಒಬ್ಬರ ಎಲ್‌ಡಿಎಲ್ 190 ದಾಟಿದ್ದರೆ ಒಡಹುಟ್ಟಿದವರದ್ದೂ ಮಕ್ಕಳದ್ದೂ ರಕ್ತ ಪರೀಕ್ಷೆಯಾಗಬೇಕು. ವಂಶದಲ್ಲಿ ಹರಿದು ಬಂದ ದೋಷವಾದರೆ ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯ ಪ್ರಕಾರ ಮೊದಲ ಪರೀಕ್ಷೆಗೆ ಬರಿಹೊಟ್ಟೆ ಕಡ್ಡಾಯವಲ್ಲ. ಬೆಳಗಿನ ತಿಂಡಿ ಮುಗಿಸಿಯೇ ಪೇಟೆಯ ಬಸ್ಸು ಹತ್ತಬಹುದು.