ಪಿತ್ತ ಕಟ್ಟಿದರೆ ಮೂತ್ರವೇಕೆ ನಿಲ್ಲುತ್ತದೆ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ನಿಜ ಹೇಳಬೇಕೆಂದರೆ, ಕಾಮಾಲೆಯ ರೋಗಿಗೆ ಜಗತ್ತು ಸಾಮಾನ್ಯವಾಗಿ ಹಳದಿಯಾಗಿ ಕಾಣುವುದಿಲ್ಲ. ಜಗತ್ತಿನ ಕಣ್ಣಿಗೆ ಅವನು ಹಳದಿಯಾಗಿ ಕಾಣುತ್ತಾನೆ, ಅಷ್ಟೆ. ನೋಡಲು ಬಂದ ನೆಂಟರಿಷ್ಟರೆಲ್ಲ ಮೊದಲು ಅವನ ಕಣ್ಣಿನ ರೆಪ್ಪೆಯನ್ನು ಎತ್ತಿ ನೋಡುತ್ತಾರೆ. ನಿನ್ನೆಗಿಂತ ಇಂದು ತುಸು ತಿಳಿಯಾಗಿದೆ ಎಂದು ಒಬ್ಬರು, ಇಲ್ಲ, ಇನ್ನೂ ಏರಿದೆ ಎಂದು ಇನ್ನೊಬ್ಬರು. ಬಣ್ಣದ ಈ ಚರ್ಚೆಯ ನಡುವೆ, ರೋಗಿ ದಿನಕ್ಕೆ ಎಷ್ಟು ನೀರು ಕುಡಿದನು, ಎಷ್ಟು ಮೂತ್ರ ಹೋಯಿತು ಎಂದು ಕೇಳುವವರು ಮಾತ್ರ ಯಾರೂ ಇರುವುದಿಲ್ಲ. ಆದರೆ ಒಂದು ಬಗೆಯ ಕಾಮಾಲೆಯಲ್ಲಿ ಪ್ರಾಣವು ನಿಂತಿರುವುದು ಅನೇಕ ವೇಳೆ ಆ ಪ್ರಶ್ನೆಯ ಉತ್ತರದ ಮೇಲೆಯೇ!

ಕಾಮಾಲೆಯಲ್ಲಿ ಹಲವು ಬಗೆಗಳುಂಟು. ವೈರಸ್ಸಿನ ಸೋಂಕಿನಿಂದ ಯಕೃತ್ತು ಉರಿಯೂತಗೊಂಡು ಬರುವ ಕಾಮಾಲೆ ನಮಗೆಲ್ಲ ಪರಿಚಿತವಾದುದು. ಅದರಲ್ಲಿ ಬಹುಮಂದಿ ವಿಶ್ರಾಂತಿಯಿಂದಲೇ ಗುಣಹೊಂದುತ್ತಾರೆ. ಇಲ್ಲಿ ಹೇಳಹೊರಟಿರುವುದು ಬೇರೊಂದರ ವಿಚಾರ. ಯಕೃತ್ತು ದಿನಕ್ಕೆ ಸುಮಾರು ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸಿ, ಪಿತ್ತನಾಳದ ಮೂಲಕ ಕರುಳಿಗೆ ಕಳುಹಿಸುತ್ತದೆ. ಆ ನಾಳದಲ್ಲಿ ಕಲ್ಲು ಸಿಕ್ಕಿಕೊಳ್ಳಬಹುದು. ನಾಳದಲ್ಲಿಯೋ ಪಕ್ಕದ ಮೇದೋಜೀರಕ ಗ್ರಂಥಿಯ ತಲೆಯಲ್ಲಿಯೋ ಕ್ಯಾನ್ಸರ್ ಬೆಳೆದು ಅದನ್ನು ಅಮುಕಬಹುದು. ಅಪರೂಪವಾಗಿ ಕರುಳಿನ ಜಂತುಹುಳುವೊಂದು ಮೇಲೇರಿ ಬಂದು ದಾರಿ ಕಟ್ಟುವುದೂ ಉಂಟು. ಹೊರದಾರಿಯಿಲ್ಲದ ಪಿತ್ತ ರಕ್ತಕ್ಕೆ ಮರಳುತ್ತದೆ. ಆಗ ಮಲವು ಜೇಡಿಮಣ್ಣಿನಂತೆ ಬಿಳಿಚುತ್ತದೆ, ಮೂತ್ರ ಕಷಾಯದ ಬಣ್ಣ ತಾಳುತ್ತದೆ, ರಾತ್ರಿಯಿಡೀ ಮೈ ತುರಿಸುತ್ತದೆ. ಆರೋಗ್ಯವಂತರ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 1 ಮಿಲಿಗ್ರಾಂ ಮಾತ್ರ ಇರುವ ಬಿಲಿರುಬಿನ್ ಎಂಬ ವರ್ಣದ್ರವ್ಯ 20 ಮಿಲಿಗ್ರಾಂ ದಾಟಿದರೂ ಆಶ್ಚರ್ಯವಿಲ್ಲ.

ವಿಯೆನ್ನಾದ ವೈದ್ಯರ ಒಗಟು

ಶಸ್ತ್ರವೈದ್ಯರಿಗೆ ಇದೊಂದು ಸುಲಭದ ಲೆಕ್ಕವಾಗಿ ಕಂಡಿದ್ದರೆ ತಪ್ಪಲ್ಲ. ನಾಳ ಕಟ್ಟಿದೆ, ಕಟ್ಟನ್ನು ಬಿಡಿಸಿದರಾಯಿತು. ಆದರೆ 1910ರ ಸುಮಾರಿಗೆ ವಿಯೆನ್ನಾದ ಕ್ಲೇರ್ಮಾಂಟ್ ಮತ್ತು ಫಾನ್ ಹಾಬೆರರ್ ಎಂಬ ಇಬ್ಬರು ಶಸ್ತ್ರವೈದ್ಯರು ಒಂದು ದುಃಖದ ವರದಿಯನ್ನು ಪ್ರಕಟಿಸಿದರು. ಪಿತ್ತದ ಕಲ್ಲಿಗಾಗಿ ಶಸ್ತ್ರಚಿಕಿತ್ಸೆಯಾದ ಅನಂತರ ಕೆಲವು ರೋಗಿಗಳಲ್ಲಿ ಮೂತ್ರವೇ ನಿಂತುಹೋಗಿ ಅವರು ತೀರಿಕೊಂಡಿದ್ದರು. ಕತ್ತಿ ಆಡಿದ್ದು ಯಕೃತ್ತಿನ ಬುಡದಲ್ಲಿ, ಸತ್ತುಹೋದದ್ದು ಮೂತ್ರಪಿಂಡ. ಇವೆರಡಕ್ಕೂ ಏನು ನಂಟು?

ಆ ಕಾಲದಲ್ಲಿ ಕಾಮಾಲೆಯವರ ಶಸ್ತ್ರಚಿಕಿತ್ಸೆ ಎಂದರೆ ಎಲ್ಲರೂ ಅಂಜುತ್ತಿದ್ದುದು ರಕ್ತಸ್ರಾವಕ್ಕೆ. ಪಿತ್ತವಿಲ್ಲದ ಕರುಳು ‘ಕೆ’ ಜೀವಸತ್ತ್ವವನ್ನು ಹೀರಲಾರದು. ಅದಿಲ್ಲದೆ ರಕ್ತ ಹೆಪ್ಪುಗಟ್ಟದು. ಡೆನ್ಮಾರ್ಕಿನ ಹೆನ್ರಿಕ್ ದಾಮ್ ಆ ಜೀವಸತ್ತ್ವವನ್ನು ಕಂಡುಹಿಡಿದು 1943ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಒಂದು ಸೂಜಿಮದ್ದಿನಿಂದ ರಕ್ತಸ್ರಾವದ ಭಯ ಬಹುಮಟ್ಟಿಗೆ ತೊಲಗಿತು. ಆದರೆ ಮೂತ್ರಪಿಂಡದ ಒಗಟು ಹಾಗೆಯೇ ಉಳಿಯಿತು.

ಒಗಟು ಬಿಡಿಸಬೇಕಾದರೆ ಮೂತ್ರಪಿಂಡದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಒಂದೊಂದೂ ಸುಮಾರು 150 ಗ್ರಾಂ ತೂಗುವ ಈ ಜೋಡಿ, ಹೃದಯ ಹೊರದೂಡುವ ರಕ್ತದಲ್ಲಿ ಐದರಲ್ಲೊಂದು ಪಾಲನ್ನು ತಾನೇ ಪಡೆಯುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರನ್ನು ಮಾತ್ರ ಮೂತ್ರವಾಗಿ ಬಿಟ್ಟು, ಮಿಕ್ಕುದನ್ನೆಲ್ಲ ಹಿಂದಕ್ಕೆ ಹೀರಿಕೊಳ್ಳುತ್ತದೆ. ಇಷ್ಟು ದೊಡ್ಡ ಕೆಲಸ ನಡೆಯುವುದು ರಕ್ತದ ಒತ್ತಡದಿಂದ. ಕಾಲುವೆಯಲ್ಲಿ ನೀರು ಇಳಿದರೆ ಕೊನೆಯ ಗದ್ದೆ ಮೊದಲು ಒಣಗುವಂತೆ, ರಕ್ತದ ಹರಿವು ಇಳಿದರೆ ಬೇಗ ಬಳಲುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು.

ಮೊದಲ ಅನುಮಾನ ಹಳದಿಯ ಮೇಲೆಯೇ ಹೋಯಿತು. ತೀರಿಕೊಂಡವರ ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ ಪಿತ್ತದ ಬಣ್ಣದ ಹರಳೆಗಳು ಕಟ್ಟಿಕೊಂಡಿದ್ದುದನ್ನು ಹಿಂದಿನವರೇ ಕಂಡಿದ್ದರು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಮಾಲೆಯಿದ್ದ 44 ಮಂದಿಯ ಪೈಕಿ 24 ಮಂದಿಯಲ್ಲಿ ಇಂಥ ಪಿತ್ತದ ಗಟ್ಟಿಗಳು ದೊರೆತವು. ಆದುದರಿಂದ ಹಳದಿ ಪೂರ್ತಿ ನಿರಪರಾಧಿಯಲ್ಲ. ಆದರೆ ಅದೊಂದೇ ಅಪರಾಧಿಯೂ ಅಲ್ಲ.

ಎರಡನೆಯ ಸುಳಿವು ದೊರೆತುದು ಕರುಳಿನಲ್ಲಿ. ಪಿತ್ತರಸವೆಂದರೆ ಜಿಡ್ಡನ್ನು ಕರಗಿಸುವ ದ್ರವವೆಂದಷ್ಟೇ ನಾವು ಶಾಲೆಯಲ್ಲಿ ಕಲಿತೆವು. ಅದಕ್ಕೆ ಕಾವಲಿನ ಕೆಲಸವೂ ಉಂಟು. ಕರುಳಿನಲ್ಲಿ ವಾಸಿಸುವ ಕೋಟ್ಯಂತರ ಬ್ಯಾಕ್ಟೀರಿಯಗಳು ಸತ್ತಾಗ ಬಿಡುವ ವಿಷವನ್ನು ಪಿತ್ತಲವಣಗಳು ಅಲ್ಲಿಯೇ ಹಿಡಿದಿಡುತ್ತವೆ. ಪಿತ್ತ ಬಾರದಿದ್ದರೆ ಆ ವಿಷ ರಕ್ತಕ್ಕೆ ನುಸುಳುತ್ತದೆ. ಅದನ್ನು ತಡೆಯಬೇಕಾದ ಯಕೃತ್ತಿನ ಕಾವಲು ಜೀವಕೋಶಗಳೂ ಪಿತ್ತದ ಒತ್ತಡದಿಂದ ಸೋತಿರುತ್ತವೆ. ಮೈಯೆಲ್ಲ ಸುತ್ತುವ ಆ ವಿಷ ಮೂತ್ರಪಿಂಡದ ರಕ್ತನಾಳಗಳನ್ನು ಬಿಗಿಯುತ್ತದೆ. 1970ರ ಮತ್ತು 1980ರ ದಶಕಗಳಲ್ಲಿ ಬ್ರಿಟನ್ನಿನ ವೈದ್ಯರು ಇದನ್ನು ಬೆನ್ನಟ್ಟಿ, ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳಿಗೆ ಪಿತ್ತಲವಣವನ್ನೇ ಬಾಯಿಂದ ಕೊಟ್ಟು ನೋಡಿದರು. ಕೆಲವು ಪರೀಕ್ಷೆಗಳಲ್ಲಿ ಫಲ ಕಂಡಿತು. ಎಲ್ಲರ ಕೈಗೂ ಅದು ಹತ್ತಲಿಲ್ಲ.

ಬತ್ತಿದ ಮೈ

ಮೂರನೆಯ ಕಾರಣ ಎಲ್ಲಕ್ಕಿಂತ ಸರಳವಾದುದು. ಬಹುಶಃ ಆದುದರಿಂದಲೇ ಎಲ್ಲರ ಕಣ್ಣಿಗೂ ತಡವಾಗಿ ಬಿತ್ತು. ನಾಳ ಕಟ್ಟಿದ ರೋಗಿಯ ಮೈಯಲ್ಲಿ ನೀರೂ ಉಪ್ಪೂ ಬತ್ತಿರುತ್ತವೆ. ರಕ್ತಕ್ಕೆ ಸೇರಿದ ಪಿತ್ತಲವಣಗಳು ಮೂತ್ರದಲ್ಲಿ ಉಪ್ಪು ಸೋರುವಂತೆ ಮಾಡುತ್ತವೆ, ರಕ್ತನಾಳಗಳನ್ನು ಸಡಿಲಿಸುತ್ತವೆ, ಹೃದಯದ ಬಲವನ್ನೂ ಕುಂದಿಸುತ್ತವೆ. ಈ ಸ್ಥಿತಿಗೆ ಇಸ್ರೇಲಿನ ಸಂಶೋಧಕರು 1986ರಲ್ಲಿ ‘ಕಾಮಾಲೆಯ ಹೃದಯ’ ಎಂದೇ ಹೆಸರಿಟ್ಟರು. ಇದರ ಮೇಲೆ ವಾಕರಿಕೆ, ಊಟ ಸೇರದಿರುವುದು, ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯ ಉಪವಾಸ. ಅರ್ಧ ಬತ್ತಿದ ಕೆರೆಯಂಥ ಆ ದೇಹವನ್ನು ಮೇಜಿನ ಮೇಲೆ ಮಲಗಿಸಿ, ಅರಿವಳಿಕೆ ಕೊಟ್ಟು, ಒಂದಿಷ್ಟು ರಕ್ತ ಹೋದಾಗ ಮೂತ್ರಪಿಂಡ ಕೈಚೆಲ್ಲಿದರೆ ಅದರದೇನು ತಪ್ಪು?

ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಡಾಕ್ಟರ್ ಡಾಸನ್ 1960ರ ದಶಕದಲ್ಲಿ ತೋರಿಸಿಕೊಟ್ಟುದೇನೆಂದರೆ, ಹಳದಿ ಹೆಚ್ಚಿದಷ್ಟೂ ಶಸ್ತ್ರಚಿಕಿತ್ಸೆಯ ಅನಂತರ ಮೂತ್ರಪಿಂಡದ ಕೆಲಸ ಇಳಿಯುತ್ತದೆ ಎಂದು. ಮೂತ್ರ ಹರಿಸುವ ಮ್ಯಾನಿಟಾಲ್ ಎಂಬ ದ್ರಾವಣವನ್ನು ಕೊಡಬೇಕೆಂದು ಅವರು 1965ರಲ್ಲಿ ಸೂಚಿಸಿದರು, ಅದು ಲೋಕಪ್ರಿಯವಾಯಿತು. ಆದರೆ 1988ರಲ್ಲಿ ಪ್ರಕಟವಾದ ಹೋಲಿಕೆಯ ಪರೀಕ್ಷೆಯೊಂದರಲ್ಲಿ ಮ್ಯಾನಿಟಾಲಿನಿಂದ ಲಾಭ ಕಾಣಲಿಲ್ಲ. ಬತ್ತಿದ ಮೈಯಿಂದ ಮೂತ್ರವನ್ನು ಹಿಂಡಿ ತೆಗೆಯುವುದು ಉಪಾಯವಲ್ಲ. ಮೊದಲು ರಕ್ತನಾಳದ ಮೂಲಕ ಉಪ್ಪುನೀರು ಕೊಟ್ಟು ಮೈ ತುಂಬಿಸಬೇಕು. ಇಷ್ಟು ಸಾಮಾನ್ಯವಾದ ಮಾತು ಸ್ಥಿರಪಡಲು ಎಷ್ಟು ದಶಕಗಳು ಹಿಡಿದವು ನೋಡಿ!

ಹೊಟ್ಟೆಯನ್ನು ಕೊಯ್ಯದೆಯೇ ದಾರಿ ಬಿಡಿಸುವ ವಿದ್ಯೆಯೂ ಅಷ್ಟರಲ್ಲಿ ಬಂದಿತ್ತು. ಬಾಯಿಯ ಮೂಲಕ ದುರ್ಬೀನು ಇಳಿಸಿ, ಪಿತ್ತನಾಳದ ಬಾಯನ್ನು ಕತ್ತರಿಸಿ ಅಗಲಿಸುವ ಕೌಶಲ 1974ರಲ್ಲಿ ಜರ್ಮನಿ, ಜಪಾನುಗಳಿಂದ ವರದಿಯಾಯಿತು; ಕೆಲವೇ ವರ್ಷಗಳಲ್ಲಿ ನಾಳದೊಳಗೆ ಸಣ್ಣ ಕೊಳವೆಯನ್ನು ಕೂರಿಸುವುದೂ ಸಾಧ್ಯವಾಯಿತು. ಇಂದು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿಯೂ ಈ ಸೌಕರ್ಯವುಂಟು. ಹಾಗೆಂದು ಎಲ್ಲರಿಗೂ ಮೊದಲು ಕೊಳವೆ ಹಾಕಲೇಬೇಕೆಂದಿಲ್ಲ. ಮೇದೋಜೀರಕದ ಕ್ಯಾನ್ಸರಿನ 202 ರೋಗಿಗಳನ್ನು ಕುರಿತ ಡಚ್ ಪರೀಕ್ಷೆಯಲ್ಲಿ (2010) ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋದವರಲ್ಲಿ ನೂರಕ್ಕೆ 39 ಮಂದಿಗೂ, ಮೊದಲು ಕೊಳವೆ ಹಾಕಿಸಿಕೊಂಡವರಲ್ಲಿ 74 ಮಂದಿಗೂ ಗಂಭೀರ ತೊಡಕುಗಳಾದವು. ಆದರೆ ಬಿಲಿರುಬಿನ್ ತೀರ ಏರಿದವರನ್ನು ಆ ಪರೀಕ್ಷೆಗೆ ಸೇರಿಸಿರಲಿಲ್ಲ. ಚಳಿಜ್ವರ ಬಂದವರ, ಮೂತ್ರಪಿಂಡ ಆಗಲೇ ಸೋಲುತ್ತಿರುವವರ ಮಾತೇ ಬೇರೆ. ಅವರಲ್ಲಿ ಪಿತ್ತಕ್ಕೆ ಬೇಗನೆ ಹೊರದಾರಿ ಮಾಡಿಕೊಡಬೇಕಾಗುತ್ತದೆ.

ಇನ್ನು ನಮ್ಮ ಮನೆಗಳ ವಿಚಾರ. ಕಾಮಾಲೆ ಎಂದೊಡನೆ ಕಿರುನೆಲ್ಲಿಯ ರಸ, ಉಪ್ಪು ಎಣ್ಣೆಗಳಿಲ್ಲದ ಪಥ್ಯ. ತಾನಾಗಿಯೇ ಇಳಿಯುವ ಕಾಮಾಲೆಯಲ್ಲಿ ಅದರಿಂದ ಹೆಚ್ಚಿನ ಹಾನಿ ಕಾಣಿಸದೆ ಹೋಗಬಹುದು. ಕೀರ್ತಿಯೂ ಸೊಪ್ಪಿಗೇ ಸಲ್ಲುತ್ತದೆ. ಆದರೆ ನಾಳ ಕಟ್ಟಿದವನನ್ನು ಉಪ್ಪಿಲ್ಲದ ಗಂಜಿಯ ಮೇಲೆ ಮೂರು ವಾರ ಇಟ್ಟರೆ, ಮೊದಲೇ ಬತ್ತುತ್ತಿರುವ ಮೈಯನ್ನು ನಾವೇ ಇನ್ನಷ್ಟು ಬತ್ತಿಸಿದಂತಾಯಿತು. ಹೊಟ್ಟೆನೋವಿಗೆಂದು ಅಂಗಡಿಯಿಂದ ತಂದು ನುಂಗಿಸುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಮೂತ್ರಪಿಂಡದ ರಕ್ತನಾಳಗಳನ್ನು ಮತ್ತಷ್ಟು ಬಿಗಿಯುತ್ತವೆ. ಜೆಂಟಾಮೈಸಿನ್ ಸೂಜಿಮದ್ದು ಇಂಥವರಿಗೆ ವಿಶೇಷವಾಗಿ ಅಪಾಯಕಾರಿ. ಮಲ ಬಿಳಿಚಿ, ಮೈ ತುರಿಸಿ, ಹಳದಿ ಏರುತ್ತಲೇ ಇದ್ದರೆ ಅಲ್ಟ್ರಾಸೌಂಡ್ ಪರೀಕ್ಷೆಯೊಂದು ನಾಳ ಹಿಗ್ಗಿರುವುದನ್ನು ಸಾಮಾನ್ಯವಾಗಿ ತೋರಿಸಿಬಿಡುತ್ತದೆ. ರಕ್ತದ ಕ್ರಿಯಾಟಿನಿನ್ ಎಣಿಕೆ ಮೂತ್ರಪಿಂಡದ ಸಮಾಚಾರವನ್ನು ತಿಳಿಸುತ್ತದೆ.

ಆಸ್ಪತ್ರೆಯ ಮಂಚದ ಪಕ್ಕದಲ್ಲಿ, ನೆಲದಿಂದ ಗೇಣು ಮೇಲೆ, ಗೆರೆ ಹಾಕಿದ ಚೀಲವೊಂದು ತೂಗುತ್ತಿರುತ್ತದೆ. ದಾದಿ ಗಂಟೆಗೊಮ್ಮೆ ಬಾಗಿ ಅದನ್ನು ನೋಡಿ ಕಾಗದದಲ್ಲಿ ಅಂಕೆ ಬರೆಯುತ್ತಾಳೆ. 60 ಕಿಲೋ ತೂಕದ ರೋಗಿಗೆ ಗಂಟೆಗೆ 30 ಮಿಲಿಲೀಟರಾದರೂ ಮೂತ್ರ ಬರಬೇಕು. ಅದಕ್ಕಿಂತ ಇಳಿದರೆ ವೈದ್ಯರಿಗೆ ಕರೆ ಹೋಗುತ್ತದೆ. ನಾಳ ತೆರೆದ ಮೇಲೂ ಕಣ್ಣಿನ ಹಳದಿ ಇಳಿಯಲು ವಾರಗಳೇ ಹಿಡಿಯುತ್ತವೆ. ಆದುದರಿಂದ ನೋಡಲು ಬಂದವರು ರೆಪ್ಪೆ ಎತ್ತಿ ನೋಡಿ ನಿಟ್ಟುಸಿರು ಬಿಡುತ್ತಿರುವಾಗ, ಬೆಳಗ್ಗೆ ಇಪ್ಪತ್ತಿದ್ದುದು ಈಗ ಐವತ್ತಾಗಿದೆ ಎಂದು ಬರೆದುಕೊಂಡ ದಾದಿ ಸಮಾಧಾನದಿಂದ ಮುಂದಿನ ಮಂಚಕ್ಕೆ ನಡೆದಿರುತ್ತಾಳೆ.